ರಂಗಂಪೇಟೆಯ ನಾಯಿಗಳ ಫೋಟೋ ತೆಗೆಯುವ ಬಗೆ

ನಾಯಿಗೆ ಗೊತ್ತಾಗದಂತೆ ನಾಯಿಯ ಫೋಟೋ ತೆಗೆಯುವುದು ಆಗದ ಮಾತು. ಸೆಕೆಂಡಿಗೆ ಸುಮಾರು 20,000 ಕಂಪನಗಳಿಗೆ ಮನುಷ್ಯನ ಕಿವಿ ಸೋತರೆ, ನಾಯಿಯದು 40,000ವನ್ನೂ ದಾಟುತ್ತದೆ. ಮೂಗಿನ ಸಂಗತಿ ಬೇರೆಯೇ. ಸುರಪುರಕ್ಕೆ ಅಂಟಿಕೊಂಡ ರಂಗಂಪೇಟೆಯ ಓಣಿಯಲ್ಲಿ ಛಾಯಾಗ್ರಾಹಕ ಗೋಡೆಯ ಮರೆಗೆ ಸರಿಯುವ ಹೊತ್ತಿಗೆ, ಅವನು ಬೆಳಿಗ್ಗೆ ಮಿರ್ಚಿ ಬಜಿ ತಿಂದು ಬಂದದ್ದು ಕಟ್ಟೆಯ ಕೆಳಗೆ ಮಲಗಿದ ನಾಯಿಗೆ ತಿಳಿದಿರುತ್ತದೆ. ಹಾಗಾಗಿ ಅಡಗುವುದರಿಂದ ಲಾಭವಿಲ್ಲ. ಎದುರಿಗೇ ಕುಳಿತು, ಇವನಿಂದ ಏನೂ ಗಿಟ್ಟುವುದಿಲ್ಲ ಎಂದು ನಾಯಿಗೆ ಖಾತ್ರಿಯಾಗುವವರೆಗೆ ಕಾಯಬೇಕು. ಖಾತ್ರಿಯಾದ ಮೇಲೆ ಅದು ಕೆರೆದುಕೊಳ್ಳುತ್ತದೆ, ಹೊರಳಾಡುತ್ತದೆ, ಬೇರೆ ಓಣಿಯ ನಾಯಿಗೆ ಗುರ್ ಎನ್ನುತ್ತದೆ. ಬೇಕಾದದ್ದು ಅದೇ.

ಬಿಸ್ಕಿಟ್ ಪೊಟ್ಟಣ ಬಿಚ್ಚಬಾರದು. ಬಿಚ್ಚಿದರೆ ಸಹಜ ಚಿತ್ರ ಅಲ್ಲಿಗೆ ಮುಗಿಯಿತು. ಆಮೇಲೆ ಬರುವುದು ಅರ್ಜಿದಾರರ ಗುಂಪಿನ ಫೋಟೋ.

ಯಾದಗಿರಿ ಜಿಲ್ಲೆಯ ಬೇಸಗೆ 40 ಡಿಗ್ರಿ ದಾಟುವಂಥದ್ದು. ಹೊತ್ತೇರಿದ ಮೇಲೆ ನಾಯಿಗಳು ಚಹಾದಂಗಡಿಯ ನೀರಿನ ಕೊಡದಡಿಯ ಹಸಿ ಮಣ್ಣಿಗೋ, ನಿಂತ ಟಂಟಂ ಗಾಡಿಯ ನೆರಳಿಗೋ ಸೇರುತ್ತವೆ. ಹೊರಗೆ ಕಾಣುವುದು ಬಾಲವೊಂದೇ. ಸೂರ್ಯ ಹುಟ್ಟಿದ ಮೇಲಿನ ಒಂದು ತಾಸು, ಮುಳುಗುವ ಮುಂಚಿನ ಒಂದು ತಾಸು ಮಾತ್ರ ಕೆಲಸದ ವೇಳೆ. ಓಡುವ ನಾಯಿಗೆ ಸೆಕೆಂಡಿನ ಸಾವಿರದ ಒಂದು ಭಾಗದ ಶಟರ್ ವೇಗ ಬೇಕು. ಕ್ಯಾಮರಾದ ಬೆಳಕಿನ ಮಾಪಕ ಎಲ್ಲವನ್ನೂ ನಡು ಬೂದುಬಣ್ಣಕ್ಕೆ ತರಲು ನೋಡುತ್ತದೆ. ಕರಿನಾಯಿ ಚೌಕಟ್ಟು ತುಂಬಿದರೆ ಬೆಳಕನ್ನು ಒಂದು ಹಂತ ಇಳಿಸಬೇಕು, ಬಿಳಿಯದಾದರೆ ಏರಿಸಬೇಕು. ಇಲ್ಲದಿದ್ದರೆ ಓಣಿಯ ನಾಯಿಗಳೆಲ್ಲ ಒಂದೇ ತಾಯಿಯ ಮಕ್ಕಳಾಗಿ ಕಾಣುತ್ತವೆ. ಅದು ನಿಜವೂ ಇರಬಹುದು.

ಕ್ಯಾಮರಾ ನಾಯಿಯ ಕಣ್ಣಿನ ಮಟ್ಟದಲ್ಲಿರಬೇಕೆಂದು ಬಲ್ಲವರೆಲ್ಲ ಹೇಳುತ್ತಾರೆ. ಬೀದಿನಾಯಿಯ ಕಣ್ಣು ಮನುಷ್ಯನ ಮೊಣಕಾಲಿನ ಎತ್ತರದಲ್ಲಿದೆ. ಅಂದರೆ ರಸ್ತೆಯ ಮೇಲೆ ಬೋರಲು ಮಲಗಬೇಕು. ಬೆಳಗಾಬೆಳಿಗ್ಗೆ ಒಬ್ಬ ಗೃಹಸ್ಥ ಹಾಗೆ ಮಲಗಿದರೆ ರಂಗಂಪೇಟೆ ಸುಮ್ಮನಿರುವುದಿಲ್ಲ. "ಏನಾತ್ರೀ, ಬಿದ್ರೇನು?" ಎನ್ನುವವರು ಮೊದಲು ಬರುತ್ತಾರೆ. "ನಾಯಿ ಫೋಟೋ ಯಾಕ್ರೀ, ನಗರಸಭೆಯವ್ರೇನು?" ಎನ್ನುವವರು ಆಮೇಲೆ. ಮೂರನೆಯವರು ಏನೂ ಕೇಳದೆ ತಲೆ ಬಾಚಿಕೊಂಡು ನಾಯಿಯ ಹಿಂದೆ ನೆಟ್ಟಗೆ ನಿಲ್ಲುತ್ತಾರೆ. ಈ ಕಲೆಯಲ್ಲಿ ನಾಯಿಯಿಂದ ಬರುವ ತೊಂದರೆ ಅಲ್ಪ. ಅದು ಪೋಸು ಕೊಡುವುದಿಲ್ಲ, ಊರು ಕೊಡುತ್ತದೆ.

ನಾಯಿಗಳ ಲೋಕದಲ್ಲಿ ನೆಟ್ಟ ನೋಟವೆಂದರೆ ಜಗಳದ ಕರೆ. ಲೆನ್ಸ್ ರೆಪ್ಪೆ ಬಡಿಯದ ದೊಡ್ಡ ಕಣ್ಣಿನಂತೆ ಕಂಡರೆ ತಪ್ಪು ನಾಯಿಯದಲ್ಲ. ಅದು ಮುಖ ತಿರುಗಿಸಿದರೆ, ಮೂಗು ನೆಕ್ಕಿಕೊಂಡರೆ, ನಿದ್ದೆಯಿಲ್ಲದೆ ಆಕಳಿಸಿದರೆ ಇರುಸುಮುರುಸಾಗಿದೆ ಎಂದರ್ಥ. ಆಗ ಕ್ಯಾಮರಾ ಇಳಿಸಿ ಪಕ್ಕಕ್ಕೆ ನೋಡುವುದು ಸಭ್ಯತೆ. ಮೀನಖಂಡದ ಹಿತವೂ ಹೌದು. ನಾಯಿಗಳ ಚಿತ್ರಗಳಿಗೆ ಜಗತ್ತಿನಲ್ಲಿ ಹೆಸರಾದ ಛಾಯಾಗ್ರಾಹಕ ಎಲಿಯಟ್ ಅರ್ವಿಟ್ (1928–2023) ಬೇರೆ ದಾರಿ ಹಿಡಿದಿದ್ದರು. ನಾಯಿಯ ಎದುರು ತಾವೇ ಬೊಗಳಿ, ಅದು ಬೆಚ್ಚಿ ನೆಗೆದಾಗ ಗುಂಡಿ ಒತ್ತುತ್ತಿದ್ದರು. ಅವರಿದ್ದ ನ್ಯೂಯಾರ್ಕಿನಲ್ಲಿ ಅದು ವಿಚಿತ್ರ ಅನ್ನಿಸಿರಬಹುದು. ಮೈಲಾರಲಿಂಗನ ಗೊರವರು ದೇವರ ನಾಯಿಗಳಾಗಿ ಬೊಗಳಿ, ದೋಣಿಯೆಂಬ ಬಟ್ಟಲಿಗೆ ಬಾಯಿ ಹಾಕಿ ಉಣ್ಣುವುದನ್ನು ಕಂಡ ಸೀಮೆಗೆ ಇದರಲ್ಲಿ ಹೊಸತೇನಿಲ್ಲ. ಆದರೂ ಹೊರಗಿನಿಂದ ಬಂದವರು ರಂಗಂಪೇಟೆಯಲ್ಲಿ ಬೊಗಳದಿರುವುದು ಒಳ್ಳೆಯದು: ಉತ್ತರ ಒಂದೇ ನಾಯಿಯಿಂದ ಬರುವುದಿಲ್ಲ.

ಕನ್ನಡ ನಾಡಿನಲ್ಲಿ ನಾಯಿಯನ್ನು ಹೊರಬಯಲಿನ ಗಡಿಬಿಡಿಯಲ್ಲೇ ಹಿಡಿದಿಟ್ಟ ಹಳೆಯ ಚಿತ್ರಗಳಲ್ಲೊಂದು ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು, ಕ್ರಿ.ಶ. 949–50ರದ್ದು. ಮಣಲೇರನೆಂಬ ಯೋಧ ತನ್ನ ಒಡೆಯನಿಂದ ಕೇಳಿ ಪಡೆದ ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಸೆಣಸಿ, ಎರಡೂ ಸತ್ತವು. ಆ ಸೆಣಸಾಟವೇ ಕಲ್ಲಿನಲ್ಲಿದೆ. ಶಿಲ್ಪಿಗೆ ಅನುಕೂಲವೇನೆಂದರೆ ಅವನು ಕೆತ್ತುವಾಗ ಇಬ್ಬರೂ ಅಲುಗಾಡುತ್ತಿರಲಿಲ್ಲ. ಇತ್ತ ಮುಧೋಳ ನಾಯಿ 2005ರಲ್ಲಿ ಅಂಚೆಚೀಟಿಯನ್ನೂ ಏರಿತು. ಓಣಿಯ ಕಂದು ನಾಯಿಗೆ ಮೊಬೈಲೇ ಗತಿ.

ಕತ್ತಲಾದ ಮೇಲೆ ಫ್ಲಾಶ್ ಹಾಕಬಾರದು. ನಾಯಿಯ ಅಕ್ಷಿಪಟದ ಹಿಂದಿರುವ ಪದರ ಬೆಳಕನ್ನು ತಿರುಗಿ ಎಸೆಯುವುದರಿಂದ ಕಣ್ಣೆರಡೂ ಹಸಿರು ಕೆಂಡಗಳಾಗಿ, ಪಾಪದ ಪ್ರಾಣಿ ದೆವ್ವದಂತೆ ಕಾಣುತ್ತದೆ. ತೆಗೆದ ಚಿತ್ರವನ್ನು ಚಹಾದಂಗಡಿಯಲ್ಲಿ ತೋರಿಸುವುದು ವಾಡಿಕೆ. ನೋಡಿದವರು ನಾಯಿಯನ್ನು ಬೆರಳಿನಿಂದ ಬದಿಗೆ ಸರಿಸಿ, ಹಿನ್ನೆಲೆಯಲ್ಲಿ ಅರ್ಧ ಬಂದ ತಮ್ಮ ಮೋಟರ್‌ಸೈಕಲ್ಲನ್ನು ದೊಡ್ಡದು ಮಾಡಿ ನೋಡುತ್ತಾರೆ. "ಇದನ್ನ ಪೂರಾ ತಗೀಬೇಕಿತ್ತಲ್ರೀ" ಎನ್ನುತ್ತಾರೆ.