ನನ್ನನ್ನು ಒಂದು ಕಾರೆಂದು ನೋಂದಾಯಿಸಿಕೊಳ್ಳಿ

ಸಾರಿಗೆ ಕಚೇರಿಯ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ,

ಬೆಂಗಳೂರಿನ ನಿವಾಸಿಯೂ, ಎರಡು ಕಾಲುಳ್ಳವನೂ, ಅವನ್ನು ಬಳಸುವ ದುರಭ್ಯಾಸ ಇನ್ನೂ ಬಿಡದವನೂ ಆದ ನಾನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ: ದಯವಿಟ್ಟು ನನ್ನನ್ನು ಒಂದು ಕಾರೆಂದು ನೋಂದಾಯಿಸಿಕೊಂಡು, ನಂಬರ್ ಪ್ಲೇಟ್ ಸಮೇತ ಆರ್‌ಸಿ ದಯಪಾಲಿಸಬೇಕು. ಆನ್‌ಲೈನಿನಲ್ಲೇ ಅರ್ಜಿ ಹಾಕಲು ಹೋಗಿದ್ದೆ. ಚಾಸಿಸ್ ನಂಬರ್ ಕೇಳಿದ ಕಡೆ ಆಧಾರ್ ನಂಬರ್ ಹಾಕಿದೆ, ಒಪ್ಪಲಿಲ್ಲ. ಇಂಧನ ಯಾವುದೆಂದು ಕೇಳಿದಲ್ಲಿ ಬೈಟು ಕಾಫಿ ಎಂದು ಬರೆಯಲು ಜಾಗವಿರಲಿಲ್ಲ. ಪಟ್ಟಿಯಲ್ಲಿದ್ದ ಪೆಟ್ರೋಲು, ಡೀಸೆಲ್ಲು ನನ್ನ ಹೊಟ್ಟೆಗೆ ಆಗಿಬರುವುದಿಲ್ಲ. ಹಾಗಾಗಿ ನಾಲ್ಕು ಜನರ ಎದುರಿಗೇ ಕೇಳಿಕೊಳ್ಳುತ್ತಿದ್ದೇನೆ.

ನನಗೆ ತಲೆ ಕೆಟ್ಟಿಲ್ಲ. ತಲೆ ಕೆಡಿಸುವಂಥದ್ದೊಂದು ಪಟ್ಟಿ ಓದಿದ್ದೇನೆ, ಅಷ್ಟೇ. ನಗರದ ರಸ್ತೆಗಳ ಸಾಮರ್ಥ್ಯ ಅಳೆಯಲು ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಹೊರಡಿಸಿದ ಮಾರ್ಗಸೂಚಿಯೊಂದಿದೆ, ಐಆರ್‌ಸಿ 106 ಎಂದು. ಅದರಲ್ಲಿ ರಸ್ತೆಗಿಳಿದ ಸಕಲವನ್ನೂ ಕಾರಿನಿಂದಲೇ ಅಳೆದಿದ್ದಾರೆ. ಅಳತೆಯ ಹೆಸರು ಪ್ಯಾಸೆಂಜರ್ ಕಾರ್ ಯೂನಿಟ್. ಕಾರು ಎಂದರೆ 1. ಬೈಕು ಅರ್ಧದಿಂದ ಮುಕ್ಕಾಲು ಕಾರು. ಆಟೋ 1.2ರಿಂದ 2. ಸೈಕಲ್ಲು 0.4ರಿಂದ 0.5. ಬಸ್ಸು 2.2ರಿಂದ 3.7. ಜಟಕಾ ಗಾಡಿಗೂ ಅಲ್ಲಿ ಜಾಗವುಂಟು, ಒಂದೂವರೆಯಿಂದ ಎರಡು ಕಾರು. ಸೊಪ್ಪಿನವರು ತಳ್ಳಿಕೊಂಡು ಬರುವ ಕೈಗಾಡಿ ಎರಡರಿಂದ ಮೂರು ಕಾರು. ನಡೆದು ಹೋಗುವವನು? ಪಟ್ಟಿಯಲ್ಲೇ ಇಲ್ಲ.

ಸೈಕಲ್ ಏರಿದಾಗ ಅರ್ಧ ಕಾರಿನಷ್ಟು ಮರ್ಯಾದೆಯಿದ್ದ ನಾನು, ಅದನ್ನು ಪಂಕ್ಚರ್ ಅಂಗಡಿಯಲ್ಲಿ ಬಿಟ್ಟು ಹೊರಟರೆ ಸೊನ್ನೆ. ದಾರಿಯಲ್ಲಿ ಸೊಪ್ಪಿನ ಗಾಡಿಗೆ ಕೈಹಚ್ಚಿದೆನೋ, ಮೂರು ಕಾರು!

ಎಂಜಿನಿಯರುಗಳ ಮೇಲೆ ನನಗೆ ಕೋಪವಿಲ್ಲ. ಅವರ ಲೆಕ್ಕ ಸರಿಯಾಗೇ ಇದೆ. ಯಾವ ವಾಹನದಿಂದ ಕಾರಿಗೆ ಎಷ್ಟು ಅಡ್ಡಿ ಎಂದು ಕೇಳಿದ್ದಾರೆ, ಕೇಳಿದ್ದಕ್ಕೆ ತಕ್ಕ ಉತ್ತರ ಬಂದಿದೆ. ಅರವತ್ತು ಜನರನ್ನು ಹೊತ್ತ ಬಸ್ಸು ಆ ಪ್ರಶ್ನೆಯ ಮಟ್ಟಿಗೆ ಮೂರು ಕಾರಿನಷ್ಟು ದೊಡ್ಡ ಅಡ್ಡಿ. ಎಸಿ ಹಾಕಿಕೊಂಡು ಒಬ್ಬರೇ ಹೊರಟ ಕಾರು ಒಂದೇ ಅಡ್ಡಿ. ಎಷ್ಟು ಜನ ಊರು ತಲುಪಿದರು ಎಂದು ಯಾರಾದರೂ ಕೇಳಿದ್ದರೆ ಬೇರೆಯೇ ಪಟ್ಟಿ ಸಿದ್ಧವಾಗುತ್ತಿತ್ತು. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿ ವರ್ಷಗಳೇ ಆದವು. ಬಿಎಂಟಿಸಿ ಬಸ್ಸುಗಳು ಏಳು ಸಾವಿರದ ಆಸುಪಾಸು. ಸಾವಿರ ವಾಹನಕ್ಕೆ ಒಂದು ಬಸ್ಸೂ ಬೀಳುವುದಿಲ್ಲ. ಆದರೂ ದಿನಕ್ಕೆ 40 ಲಕ್ಷದಷ್ಟು ಪ್ರಯಾಣ ಅದರಲ್ಲೇ ನಡೆಯುತ್ತದೆ. ಸಿಗ್ನಲ್ಲಿನಲ್ಲಿ ಮಾತ್ರ ಅದು ಸಾಲಿನ ಹಿಂದೆಯೇ ನಿಲ್ಲಬೇಕು, ಮುಂದಿರುವ ಇಪ್ಪತ್ತು ಕಾರುಗಳ ಇಪ್ಪತ್ತು ಮಂದಿ ಮೊದಲು ದಾಟಲೆಂದು.

ಕಾರಾದರೆ ನಿನಗೇನಯ್ಯಾ ಲಾಭ ಎಂದು ತಾವು ಕೇಳಬಹುದು. ಮೊದಲನೆಯದು ಸುರಂಗ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿಲೋಮೀಟರ್, ಅಂದಾಜು ವೆಚ್ಚ 17 ಸಾವಿರ ಕೋಟಿ ರೂಪಾಯಿಗೂ ಮೇಲೆ. ಕಿಲೋಮೀಟರಿಗೆ ಸಾವಿರ ಕೋಟಿ ಎಂದಿಟ್ಟುಕೊಳ್ಳಿ. ಯೋಜನೆಯ ಪ್ರಕಾರ ಅದರೊಳಗೆ ಬೈಕು, ಆಟೋಗಳಿಗೇ ಪ್ರವೇಶವಿಲ್ಲ. ಬರಿಗಾಲಿನವನ ಮಾತು ದೂರ ಉಳಿಯಿತು. ತೆರಿಗೆ ಕಟ್ಟಿದ ತಪ್ಪಿಗೆ ಒಮ್ಮೆಯಾದರೂ ಒಳಗೆ ಹೋಗಿ ಬರುವ ಆಸೆ ನನಗೂ ಇದೆ. 2016ರಲ್ಲಿ ಇದೇ ಹೆಬ್ಬಾಳಕ್ಕೆ ಬಸವೇಶ್ವರ ವೃತ್ತದಿಂದ ಉಕ್ಕಿನ ಮೇಲ್ಸೇತುವೆ ಕಟ್ಟುತ್ತೇವೆಂದಾಗ ಜನ ಸಾಲಾಗಿ ನಿಂತು ಬೇಡ ಎಂದರು. ಮರುವರ್ಷ ಸರ್ಕಾರ ಕೈಬಿಟ್ಟಿತು. ಮೇಲೆ ಬೇಡ ಎಂದಿದ್ದಕ್ಕೆ ಈಗ ಕೆಳಗೆ ಹೊರಟಿದ್ದಾರೆ. ಜನರ ಮಾತಿಗೆ ಬೆಲೆಯಿಲ್ಲ ಅನ್ನುವಂತಿಲ್ಲ.

ಎರಡನೆಯದು ಸಂಸಾರದ ವಿಷಯ. ಈ ಸುರಂಗದ ಚರ್ಚೆ ಕಾವೇರಿದ್ದಾಗ, 2025ರಲ್ಲಿ, ಕಾರಿಲ್ಲದ ಹುಡುಗನಿಗೆ ಹೆಣ್ಣು ಕೊಡಲು ಜನ ಒಪ್ಪುತ್ತಿಲ್ಲ ಎಂಬರ್ಥದ ಮಾತನ್ನು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಆಡಿದ್ದರು. ಬಹಳ ಜನ ನಕ್ಕರು. ನಾನು ನಗಲಿಲ್ಲ, ಯಾಕೆಂದರೆ ನನ್ನ ತಂಗಿಯ ಮಗನಿಗೆ ಹೆಣ್ಣು ನೋಡುತ್ತಿದ್ದೇವೆ. ಹುಡುಗ ಒಳ್ಳೆಯವನು. ಕೆಲಸವಿದೆ, ಕುಡಿಯುವುದಿಲ್ಲ, ಮೆಟ್ರೋ ಕಾರ್ಡಿನಲ್ಲಿ ಯಾವಾಗಲೂ ದುಡ್ಡಿರುತ್ತದೆ. ತಾವು ಮನಸ್ಸು ಮಾಡಿದರೆ, "ಹುಡುಗನಿಗೆ ಕಾರಿಲ್ಲ ನಿಜ, ಆದರೆ ಸೋದರಮಾವನೇ ಕಾರು" ಎಂದು ಬೀಗರ ಮುಂದೆ ಧೈರ್ಯವಾಗಿ ಹೇಳಬಹುದು. ಮುಹೂರ್ತದ ದಿನ ನನಗೇ ಹೂವಿನ ಅಲಂಕಾರ ಮಾಡಿ ಛತ್ರದ ಬಾಗಿಲಲ್ಲಿ ನಿಲ್ಲಿಸಲಿ, ನನ್ನದೇನೂ ಅಭ್ಯಂತರವಿಲ್ಲ.

ಇವೆರಡೂ ಹೋಗಲಿ. ನನಗೆ ನಿಜವಾಗಿ ಬೇಕಿರುವುದು ಜಾಗ. ನಿಲ್ಲಿಸಿದ ಒಂದು ಕಾರಿಗೆ ಐದು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ ಎಂದು ಲೆಕ್ಕ. 130 ಚದರ ಅಡಿ ಚಿಲ್ಲರೆ. ಅಷ್ಟೇ ಅಳತೆಯ ಕೋಣೆಯನ್ನು ನಮ್ಮ ಬೀದಿಯ ಪಿಜಿಯಲ್ಲಿ ಮೂರು ಹುಡುಗರಿಗೆ ಹಂಚಿ, ಮೂವರಿಂದಲೂ ಅಡ್ವಾನ್ಸು, ಬಾಡಿಗೆ ವಸೂಲು ಮಾಡುತ್ತಾರೆ. ರಾತ್ರಿ ತಡವಾದರೆ ಗೇಟು ಹಾಕುತ್ತಾರೆ. ಅದೇ ಕೋಣೆಯ ಕಿಟಕಿಯ ಕೆಳಗೆ, ಬೀದಿಯಲ್ಲಿ, ಅಷ್ಟೇ ಜಾಗದಲ್ಲಿ ಒಂದು ಕಾರು ಬೆಳ್ಳಿಬಣ್ಣದ ಹೊದಿಕೆ ಹೊದ್ದು ಮಲಗಿರುತ್ತದೆ. ಬಾಡಿಗೆಯಿಲ್ಲ, ಅಡ್ವಾನ್ಸಿಲ್ಲ, ಗೇಟಿಲ್ಲ. ಅದು ಹೊರಗೆ ಹೋದಾಗ ಜಾಗ ಕಾಯಲು ಎರಡು ಹೂಕುಂಡ, ಒಂದು ಮುರಿದ ಪ್ಲಾಸ್ಟಿಕ್ ಕುರ್ಚಿ. ಗೇಟಿಗೆ ತೂಗುಹಾಕಿದ ಬೋರ್ಡು: "ನೋ ಪಾರ್ಕಿಂಗ್. ಚಕ್ರದ ಗಾಳಿ ತೆಗೆಯಲಾಗುವುದು." ಸಾರ್ವಜನಿಕರ ರಸ್ತೆಯ ಮೇಲೆ ಇಷ್ಟು ಹಕ್ಕಿನಿಂದ ಮಾತಾಡುವ ಎದೆಗಾರಿಕೆ ನನ್ನಂಥವನಿಗೆ ಎಲ್ಲಿಂದ ಬರಬೇಕು?

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಬಸ್ಸು ಉಚಿತವಾಯಿತು. ಅಂದಿನಿಂದ ನಮ್ಮ ಬಡಾವಣೆಯ ಹಿರಿಯರೊಬ್ಬರು (ಎರಡನೇ ಕ್ರಾಸಿನ ಮನೆಯಿಂದ ನಾಲ್ಕನೇ ಕ್ರಾಸಿನ ಪಾರ್ಕಿಗೆ ವಾಕಿಂಗ್ ಮಾಡಲು ಕಾರಿನಲ್ಲಿ ಬರುವವರು) ಬಿಟ್ಟಿ ಭಾಗ್ಯಗಳಿಂದ ನಾಡು ಹಾಳಾಯಿತೆಂದು ಬೆಂಚಿನ ಮೇಲೆ ಕೂತು ಕೊರಗುತ್ತಿದ್ದಾರೆ. ಅವರ ಮನೆಯ ಪಾತ್ರೆ ತೊಳೆಯುವ ಹೆಂಗಸು ಅದೇ ಬಿಟ್ಟಿ ಬಸ್ಸಿನಲ್ಲಿ, ಕಂಬಿ ಹಿಡಿದು, ನಿಂತುಕೊಂಡೇ ಬರುತ್ತಾಳೆ. ನಿಲ್ಲಲು ಅವಳಿಗೆ ಬೇಕಾದದ್ದು ಎರಡು ಚದರ ಅಡಿ. ಅದರಿಂದ ಖಜಾನೆ ಬರಿದಾಗುತ್ತದೆ. ಯಜಮಾನರ ಕಾರಿನ 130 ಅಡಿಗೆ, ಅದೂ ಹಗಲು ರಾತ್ರಿ, ಯಾವ ಖಜಾನೆಗೂ ನೋವಿಲ್ಲ. ಆದ್ದರಿಂದ ಆರ್‌ಸಿ ಕೈಸೇರಿದ ದಿನವೇ ನನ್ನ ಪಾಲಿನ 130 ಅಡಿಯಲ್ಲಿ ಮಡಿಚುವ ಮಂಚ ಹಾಕಿ, ಬೆಳ್ಳಿ ಹೊದಿಕೆ ಹೊದ್ದು ಮಲಗುವವನಿದ್ದೇನೆ. ಯಾರೂ ಎಬ್ಬಿಸಕೂಡದೆಂದು ಬೀಟ್ ಪೊಲೀಸರಿಗೆ ಒಂದು ಪ್ರತಿ ಕಳಿಸಿದರೆ ಉಪಕಾರ.

ಫುಟ್‌ಪಾತ್ ಇದೆಯಲ್ಲ, ಅದರ ಮೇಲೆ ನಡೆ ಎನ್ನುತ್ತೀರಿ. ಬನ್ನಿ, ಬಸ್ ಸ್ಟಾಪಿನವರೆಗೆ ಒಮ್ಮೆ ಜೊತೆಯಲ್ಲಿ ನಡೆಯೋಣ. ನಡೆಯುವವರಿಗೆ ಅಡೆತಡೆಯಿಲ್ಲದ 1.8 ಮೀಟರ್ ಅಗಲ ಬೇಕು, ಅಂಚಿನ ಎತ್ತರ 150 ಮಿಲಿಮೀಟರ್ ಮೀರಬಾರದು ಎಂದು ಐಆರ್‌ಸಿ 103 ಹೇಳುತ್ತದೆ. ನಮ್ಮಲ್ಲಿ ಚರಂಡಿಯ ಮೇಲೆ ಹಾಸಿದ ಚಪ್ಪಡಿಯೇ ಫುಟ್‌ಪಾತ್. ಹತ್ತುವಾಗ ಮಂಡಿಗೆ ಕೈ ಊರಬೇಕು. ಹತ್ತಿದ ಮೇಲೆ ನಾಲ್ಕು ಹೆಜ್ಜೆಗೊಂದು ಮನೆಯ ಗ್ಯಾರೇಜಿನ ಇಳಿಜಾರು. ಕಾರು ಸಲೀಸಾಗಿ ಒಳಗೆ ಹೋಗಲೆಂದು ಗ್ರಾನೈಟಿನಲ್ಲಿ ಮಾಡಿಸಿದ್ದು, ಮಳೆ ಬಂದರೆ ಚಪ್ಪಲಿ ಮುಂದೆ, ನಾವು ಹಿಂದೆ. ಆಮೇಲೊಂದು ಚಪ್ಪಡಿ ಇಲ್ಲ. ಇಲ್ಲದಿರುವುದರ ಗುರುತಿಗೆ ಯಾರೋ ಪುಣ್ಯಾತ್ಮರು ಮರದ ಕೊಂಬೆ ನೆಟ್ಟಿದ್ದಾರೆ, ಅದು ಚಿಗುರಿದೆ. ಮುಂದೆ ಟ್ರಾನ್ಸ್‌ಫಾರ್ಮರ್, ಸುತ್ತಲೂ ಕಬ್ಬಿಣದ ಬೇಲಿ. ಅದರ ಬಗಲಲ್ಲಿ ಸುರುಳಿ ಸುತ್ತಿದ ಕೇಬಲ್ಲು. ಇಳಿದು ರಸ್ತೆಯಲ್ಲಿ ನಡೆದರೆ "ಸಾಯೋಕೆ ನನ್ನ ಗಾಡೀನೇ ಬೇಕಾ?" ಎಂಬ ವಿಚಾರಣೆ. ಮತ್ತೆ ಮೇಲೆ ಹತ್ತಿದರೆ ಹಿಂದಿನಿಂದ ಹಾರನ್ನು: ಫುಟ್‌ಪಾತಿನ ಮೇಲೆ ಸ್ಕೂಟರು ಬರುತ್ತಿದೆ, ಸರಿಯಬೇಕಾದವನು ನಾನು.

ಅಡೆತಡೆಯಿಲ್ಲದ ಫುಟ್‌ಪಾತು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಹೇಳಿತು. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ಬಹಳ ಸಂತೋಷವಾಯಿತು. ಟ್ರಾನ್ಸ್‌ಫಾರ್ಮರಿಗೆ ಇನ್ನೂ ಆದೇಶದ ಪ್ರತಿ ತಲುಪಿದಂತಿಲ್ಲ.

ಇನ್ನು ದೊಡ್ಡ ರಸ್ತೆ ದಾಟುವುದು. ಕಾರು ನಿಲ್ಲಬಾರದಲ್ಲ, ಅದಕ್ಕೆ ನಮಗೆ ಸ್ಕೈವಾಕು. ಉಕ್ಕಿನ ಮೆಟ್ಟಿಲು ಹತ್ತಿ, ಜಾಹೀರಾತಿನ ಬೆನ್ನಹಿಂದೆ ನಡೆದು, ಮತ್ತೆ ಇಳಿಯಬೇಕು. ಲಿಫ್ಟಿನ ಬಾಗಿಲಿಗೆ ಬೀಗ ಬಿದ್ದಿರುತ್ತದೆ. ಎಂಜಿನ್ ಇರುವುದು ನೆಲದ ಮೇಲೆ ನೇರವಾಗಿ ಹೋಗುತ್ತದೆ. ಮಂಡಿನೋವಿನ ಅಜ್ಜಿ ಎರಡು ಅಂತಸ್ತು ಹತ್ತಿ ಇಳಿಯುತ್ತಾಳೆ.

ಸರ್ಕಾರ ಏನೂ ಮಾಡಿಲ್ಲ ಎನ್ನುವ ಕೃತಘ್ನ ನಾನಲ್ಲ. 2019ರ ಅಕ್ಟೋಬರಿನಲ್ಲಿ ಸಿಲ್ಕ್ ಬೋರ್ಡಿನಿಂದಾಚೆ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆಂದೇ ಒಂದು ಪಥ ಬಿಟ್ಟುಕೊಟ್ಟರು, ಬಸ್ಸುಗಳು ನಿಜಕ್ಕೂ ಬೇಗ ಸಾಗಿದವು. ಆಮೇಲೆ ಕೊರೊನಾ ಬಂತು, ಮೆಟ್ರೋ ಕಾಮಗಾರಿ ಬಂತು, ಪಥ ಹೋಯಿತು. ಸೈಕಲ್ ಪಥವೂ ಅಲ್ಲೇ ಬಂದು ಅಲ್ಲೇ ಹೋಯಿತು. 2020ರ ನವೆಂಬರಿನಿಂದ ಕೆಲವು ತಿಂಗಳು ಚರ್ಚ್ ಸ್ಟ್ರೀಟಿನಲ್ಲಿ ವಾರಾಂತ್ಯಕ್ಕೆ ವಾಹನ ಬಿಡಲಿಲ್ಲ. ಮಕ್ಕಳು ರಸ್ತೆಯ ನಡುವೆ ಓಡಾಡಿದರು, ಆಕಾಶವೇನೂ ಕಳಚಿಬೀಳಲಿಲ್ಲ, ಮತ್ತೆ ವಾಹನ ಬಿಟ್ಟರು. ಉಪನಗರ ರೈಲಿಗೆ 2022ರ ಜೂನಿನಲ್ಲಿ ಶಂಕುಸ್ಥಾಪನೆ: 148 ಕಿಲೋಮೀಟರ್, ನಾಲ್ಕು ಮಾರ್ಗ, ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂದರೂ ಸರಿಯೇ, ಹೆಸರು ಚೆನ್ನಾಗಿವೆ. ನಲವತ್ತು ತಿಂಗಳಲ್ಲಿ ಆಗಬೇಕಿತ್ತು. ನಲವತ್ತು ತಿಂಗಳಂತೂ ಆದವು.

ಜನಕ್ಕೇ ಕಾರು ಬೇಕು, ನಾವೇನು ಮಾಡೋಣ ಎನ್ನುವುದು ದೊಡ್ಡವರ ಖಾಯಂ ಮಾತು. 2025ರ ಫೆಬ್ರುವರಿಯಲ್ಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಆಗಸ್ಟಿನಲ್ಲಿ ಬೊಮ್ಮಸಂದ್ರದ ಹಳದಿ ಮಾರ್ಗ ಮೂರೇ ಮೂರು ರೈಲಿನಿಂದ ಶುರುವಾಯಿತು, 25 ನಿಮಿಷಕ್ಕೊಂದರಂತೆ. ಏರಿದ ದರ ಕೊಟ್ಟು, ಒಂದು ರೈಲು ತಪ್ಪಿದರೆ ಇನ್ನೊಂದಕ್ಕೆ ಅಷ್ಟು ಹೊತ್ತು ಕಾದು, ಜನ ಅದರಲ್ಲೇ ತುಂಬಿಕೊಂಡು ಹೋದರು. ಕಾರು ಬೇಕೆಂದು ಹಟ ಹಿಡಿದವರ ಲಕ್ಷಣ ಅದಲ್ಲ ಸ್ವಾಮಿ. ಬೇರೆ ಗತಿ ಕೊಟ್ಟರೆ ಸಾಕು ಎನ್ನುವವರ ಲಕ್ಷಣ.

ನನ್ನ ಅರ್ಹತೆಯ ಬಗ್ಗೆ ಸಂಶಯ ಬೇಡ. ಎಮಿಷನ್ ಟೆಸ್ಟಿಗೆ ತಯಾರಿದ್ದೇನೆ, ಊಟದಲ್ಲಿ ಹುರುಳಿ ಸಾರಿಲ್ಲದ ದಿನ ಹೇಳಿಕಳಿಸಿ. ಹಾರನ್ ಅತಿ ಕಡಿಮೆ ಬಳಸುತ್ತೇನೆ, ಹೆಂಡತಿಯನ್ನು ಕೇಳಬಹುದು. ಲೈಫ್ ಟ್ಯಾಕ್ಸ್ ಕಟ್ಟುತ್ತೇನೆ. ನನ್ನಿಂದ ಟಾರಿಗೆ ಗುಂಡಿ ಬೀಳುವುದಿಲ್ಲ, ಬಿದ್ದ ಗುಂಡಿಗೆ ನಾನು ಬೀಳುತ್ತೇನೆ.

ಮನುಷ್ಯನನ್ನು ಕಾರೆಂದು ಒಪ್ಪಲು ಕಾನೂನಿನ ತೊಡಕಿದೆ ಎಂದಾದರೆ, ಪರ್ಯಾಯವಾಗಿ ಒಂದು ಖಾಲಿ ಕೈಗಾಡಿಗೆ ಅನುಮತಿ ಕೊಡಿ. ಬಸ್ ಸ್ಟಾಪಿಗೆ, ಅಂಗಡಿಗೆ, ಬ್ಯಾಂಕಿಗೆ ಅದನ್ನು ತಳ್ಳಿಕೊಂಡೇ ಹೋಗುತ್ತೇನೆ. ಮಾರ್ಗಸೂಚಿಯ ಪ್ರಕಾರ ಆಗ ನಾನು ಮೂರು ಕಾರಿನವರೆಗೆ ತೂಗುತ್ತೇನೆ. ನಡೆದು ಹೋಗುವ ಎಲ್ಲರೂ ಒಂದೊಂದು ಗಾಡಿ ಹಿಡಿದು ಹೊರಟರೆ ನಮಗೂ ಒಂದು ಸುರಂಗ ಮಂಜೂರಾಗಬಹುದೇನೋ, ತಾವು ಸಂಬಂಧಪಟ್ಟವರಲ್ಲಿ ವಿಚಾರಿಸಬೇಕು.

ತಪಾಸಣೆಗೆ ಖುದ್ದು ಹಾಜರಾಗಬೇಕೆಂಬ ನಿಯಮವಿದ್ದರೆ ಖಂಡಿತ ಬರುತ್ತೇನೆ. ಸಮಸ್ಯೆ ಒಂದೇ. ಕಚೇರಿಯ ಮುಂದಿನ ಫುಟ್‌ಪಾತಿನ ತುಂಬ ಜಪ್ತಿ ಮಾಡಿದ ವಾಹನಗಳನ್ನು ನಿಲ್ಲಿಸಿದ್ದೀರಿ, ಗೇಟಿನಲ್ಲಿ ಸಾಹೇಬರ ಜೀಪಿದೆ. ನಡೆದು ಬರುವವನು ಯಾವ ಕಡೆಯಿಂದ ಒಳಗೆ ಬರಬೇಕೆಂದು ದಯವಿಟ್ಟು ಒಂದು ಸಾಲು ಬರೆದು ತಿಳಿಸಿ.

ಇಂತಿ ತಮ್ಮ ವಿಧೇಯ,
ನೋಂದಣಿಗೆ ಕಾದಿರುವ ಒಬ್ಬ ಪಾದಚಾರಿ