ಬ್ಯಾಟರಿ ಮರಣ ಮೀಮಾಂಸೆ

ಕೀಲಿ ತಿರುಗಿಸಿದಾಗ ಕಾರು ‘ಟಿಕ್‌ಟಿಕ್‌ಟಿಕ್’ ಎಂದಷ್ಟೇ ನುಡಿದು ಮೌನವ್ರತ ಹಿಡಿದರೆ, ಸುತ್ತ ನೆರೆದವರು ಒಕ್ಕೊರಲಿನಿಂದ “ಬ್ಯಾಟರಿ ಹೋಗಿದೆ” ಎನ್ನುತ್ತಾರೆ. ಈ ಮಹಾವಾಕ್ಯಕ್ಕೆ ಯಾವ ಆಚಾರ್ಯರೂ ಭಾಷ್ಯ ಬರೆಯದೇ ಹೋದದ್ದು ಶಾಸ್ತ್ರಲೋಕಕ್ಕೆ ತುಂಬಲಾರದ ನಷ್ಟ. 1859ರಲ್ಲಿ ಫ್ರಾನ್ಸಿನ ಗಾಸ್ತೋನ್ ಪ್ಲಾಂತೆ ಸೀಸದ ಹಾಳೆಗಳನ್ನು ಗಂಧಕಾಮ್ಲದಲ್ಲಿ ಅದ್ದಿ ಈ ಬಡಪಾಯಿಯನ್ನು ಹುಟ್ಟಿಸಿದ. 1912ರ ಕ್ಯಾಡಿಲ್ಯಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್‌ನ ಸೆಲ್ಫ್ ಸ್ಟಾರ್ಟರ್ ಬಂದಮೇಲೆ, ಹ್ಯಾಂಡಲ್ ತಿರುವುತ್ತಿದ್ದ ತೋಳಿನ ಕೆಲಸವೂ ಅದರ ತಲೆಗೇ ಬಿತ್ತು. ಅಲ್ಲಿಂದಾಚೆಗೆ ತಪ್ಪು ಯಾರದಾದರೂ ದಂಡ ಅದಕ್ಕೇ. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟು: ಸುಮ್ಮನೆ ಕೂತ ಬ್ಯಾಟರಿ ಹೇಳುವುದು ಸಾಕ್ಷ್ಯವಲ್ಲ, ಭಾರ ಹೊತ್ತಾಗ ಹೇಳುವುದೇ ಪ್ರಮಾಣ.

ಮೊದಲ ಪೂರ್ವಪಕ್ಷ ಚಾರ್ವಾಕರದು. ಪ್ರತ್ಯಕ್ಷವನ್ನು ಬಿಟ್ಟು ಬೇರೇನನ್ನೂ ನಂಬದ ಅವರು, “ಒಳಗಿನ ದೀಪ ಉರಿಯುತ್ತಿದೆ, ಹಾರ್ನ್ ಹೊಡೆಯುತ್ತಿದೆ, ಆದ್ದರಿಂದ ಬ್ಯಾಟರಿ ಗಟ್ಟಿ” ಎನ್ನುತ್ತಾರೆ. ಆ ದೀಪಕ್ಕೆ ಅರ್ಧ ಆಂಪಿಯರ್ ಕೂಡ ಬೇಡ. ಸ್ಟಾರ್ಟರ್ ಮೋಟಾರಿಗೆ ನೂರರ ಲೆಕ್ಕದಲ್ಲಿ ಬೇಕು. ಸಾಲ ಕೇಳುವ ತನಕ ನೆಂಟರೆಲ್ಲ ಸಿರಿವಂತರೇ. ಆಗ ನೈಯಾಯಿಕರು ಮಲ್ಟಿಮೀಟರ್ ಹಿಡಿದು ಸಭೆಗೆ ಬರುತ್ತಾರೆ: ಕೋಶಗಳು ಆರು, ತಲಾ 2.1 ವೋಲ್ಟ್, ಒಟ್ಟು 12.6 ಇದ್ದರೆ ಪೂರ್ಣ, 12.2ಕ್ಕೆ ಬಂದರೆ ಅರ್ಧ ಖಾಲಿ. ಲೆಕ್ಕ ಸರಿ, ತೀರ್ಪು ಮಾತ್ರ ಅವಸರದ್ದು. ಫಲಕಗಳ ಮೇಲೆ ಸಲ್ಫೇಟ್ ಕಟ್ಟಿಕೊಂಡ ಮುದಿ ಬ್ಯಾಟರಿಯೂ ವಿಶ್ರಾಂತಿಯಲ್ಲಿ 12.6 ತೋರಿಸಿ, ಸೆಲ್ಫ್ ಹೊಡೆದ ಕ್ಷಣ 8ಕ್ಕೆ ಕುಸಿಯಬಲ್ಲದು. ಸೆಲ್ಫ್ ಹೊಡೆಯುವಾಗಲೂ 9.6ರ ಮೇಲೆ ನಿಂತರೆ ಅದರ ಮೇಲಿನ ಆರೋಪ ವಜಾ. ಆಗ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಟರ್ಮಿನಲ್ ಮೇಲೂ ಇನ್ನೊಂದನ್ನು ಅದನ್ನು ಅಪ್ಪಿರುವ ಕ್ಲ್ಯಾಂಪಿನ ಮೇಲೂ ಇಟ್ಟು ಮತ್ತೆ ಸೆಲ್ಫ್ ಹೊಡೆಯಬೇಕು. ಒಂದಕ್ಕೊಂದು ತಾಗಿಕೊಂಡಿರುವ ಈ ಇಬ್ಬರ ನಡುವೆ ಅರ್ಧ ವೋಲ್ಟ್ ಕಾಣೆಯಾದರೆ ಕಳ್ಳ ಸಿಕ್ಕಿದಂತೆಯೇ: ಬಿಳಿಹಸಿರು ಪುಡಿ. ಪರಿಹಾರ, ಅಡುಗೆ ಸೋಡಾ ಕದಡಿದ ನೀರು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್. ಇಷ್ಟು ಅಗ್ಗದ ಮದ್ದಿಗೆ ಮರ್ಯಾದೆ ಸಿಗುವುದಿಲ್ಲವೆಂಬುದು ಬೇರೆ ಮಾತು.

ಎರಡನೆಯ ಆಕ್ಷೇಪ ಇದಕ್ಕಿಂತ ಬಲವಾದದ್ದು. “ಪಕ್ಕದ ಕಾರಿನಿಂದ ಕೇಬಲ್ ಕೊಟ್ಟೊಡನೆ ಸ್ಟಾರ್ಟ್ ಆಯಿತಲ್ಲ, ಇನ್ನು ಬೇರೆ ಪುರಾವೆ ಯಾಕೆ?” ಒಂದೇ ತೀರ್ಮಾನಕ್ಕೆ ಕಟ್ಟುಬೀಳದ ಇಂಥ ಹೇತುವನ್ನು ತರ್ಕಶಾಸ್ತ್ರ ಸವ್ಯಭಿಚಾರ ಎಂದು ಕರೆದು ಮೂಲೆಗೆ ತಳ್ಳುತ್ತದೆ. ಕೇಬಲ್ ಸಾಬೀತು ಮಾಡಿದ್ದು ಬ್ಯಾಟರಿ ಬರಿದಾಗಿತ್ತು ಎಂಬುದನ್ನು ಮಾತ್ರ. ಬರಿದು ಮಾಡಿದವರು ಯಾರೆಂದು ಅದು ಬಾಯಿ ಬಿಟ್ಟಿಲ್ಲ. ಎಂಜಿನ್ ಓಡುತ್ತಿರುವಾಗ ಸಾಧಾರಣವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಅಲ್ಲಿ 12 ಚಿಲ್ಲರೆ ಕಂಡು ಅದೂ ಇಳಿಯುತ್ತಲೇ ಹೋದರೆ, ಅಪರಾಧಿ ಆಲ್ಟರ್ನೇಟರ್, ಇಲ್ಲವೇ ಸಡಿಲಾದ ಅದರ ಬೆಲ್ಟ್. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ವೈರ್ ಕಿತ್ತು “ನಿಲ್ಲಲಿಲ್ಲ, ಆಲ್ಟರ್ನೇಟರ್ ಸರಿ” ಎನ್ನುವ ಒಂದು ಪಂಥವಿದೆ; ಅದು ಶುದ್ಧ ವಿತಂಡವಾದ. ಆಗ ಏರುವ ವೋಲ್ಟೇಜಿಗೆ ಕಾರಿನ ಕಂಪ್ಯೂಟರೇ ಸುಟ್ಟುಹೋಗಬಹುದು. ಚಾರ್ಜಿಂಗ್ ಸರಿಯಿದ್ದರೆ ಉಳಿಯುವುದು ರಾತ್ರಿಗಳ್ಳ. ನಿಂತ ಕಾರು ಗಡಿಯಾರ, ಅಲಾರಂಗಳಿಗೆಂದು 50 ಮಿಲಿಆಂಪಿಯರ್‌ವರೆಗೆ ಕುಡಿದರೆ ಅದು ಲೋಕಾಚಾರ. ಡಿಕ್ಕಿಯೊಳಗೆ ಯಾರ ಕಣ್ಣಿಗೂ ಬೀಳದೆ ಉರಿಯುವ 5 ವಾಟಿನ ಬಲ್ಬು 400 ಮಿಲಿಆಂಪಿಯರ್ ಕುಡಿದು, 45 ಆಂಪಿಯರ್-ಅವರ್‌ನ ಬ್ಯಾಟರಿಯನ್ನು ಐದು ದಿನದೊಳಗೆ ಮುಗಿಸುತ್ತದೆ. ನೆಗೆಟಿವ್ ವೈರ್ ಬಿಚ್ಚಿ, ನಡುವೆ ಮೀಟರನ್ನು ಆಂಪಿಯರ್‌ನಲ್ಲಿಟ್ಟು, ಕಾರು ಪೂರ್ತಿ ನಿದ್ದೆಹೋದಮೇಲೆ ಫ್ಯೂಸುಗಳನ್ನು ಒಂದೊಂದಾಗಿ ಕೀಳಬೇಕು. ಯಾವುದನ್ನು ಕಿತ್ತಾಗ ಅಂಕಿ ಬೀಳುತ್ತದೋ ಆ ಸರ್ಕ್ಯೂಟಿನಲ್ಲಿ ಕಳ್ಳ. ಇದು ಅನ್ವಯ-ವ್ಯತಿರೇಕ ವಿಧಾನವೇ. ಗ್ಯಾರೇಜಿನವರು ಆ ಹೆಸರಿಟ್ಟು ಮಾಡುವುದಿಲ್ಲ ಅಷ್ಟೆ.

ದೃಷ್ಟಿದೋಷವಾದಿಗಳಿಗೆ ಉತ್ತರ ಚಿಕ್ಕದು: ಬಂಪರಿಗೆ ಕಟ್ಟಿದ ನಿಂಬೆಹಣ್ಣಿಗೂ ಮೆಣಸಿನಕಾಯಿಗೂ ಸರ್ಕ್ಯೂಟಿನಲ್ಲಿ ಸಂಪರ್ಕವಿಲ್ಲ. ಕೊನೆಯ ಆಕ್ಷೇಪ ವ್ಯವಹಾರಚತುರರದು. ಇಷ್ಟೆಲ್ಲ ಅಳೆಯುವ ಬದಲು ಹೊಸದೊಂದು ಹಾಕಿಸಿದರೆ ಆಗದೇ? ಆಗುತ್ತದೆ, ಐದು ದಿನದ ಮಟ್ಟಿಗೆ. ಡಿಕ್ಕಿಯ ಬಲ್ಬಿಗೆ ಬ್ಯಾಟರಿಗಳಲ್ಲಿ ಹೊಸತು ಹಳತೆಂಬ ಭೇದಬುದ್ಧಿ ಇಲ್ಲ.

ಆದ್ದರಿಂದ ನಿರ್ಣಯ: ವಿಶ್ರಾಂತಿಯಲ್ಲಿ, ಸೆಲ್ಫ್ ಹೊಡೆಯುವಾಗ, ಎಂಜಿನ್ ಓಡುವಾಗ, ಹೀಗೆ ಮೂರು ಸಲ ಅಳೆಯದೆ “ಬ್ಯಾಟರಿ ಹೋಗಿದೆ” ಎಂದವರೇ ಗಾಡಿಯನ್ನು ತಳ್ಳತಕ್ಕದ್ದು. ಆಟೋಮ್ಯಾಟಿಕ್ ಗಾಡಿ ತಳ್ಳಿದರೆ ಸ್ಟಾರ್ಟ್ ಆಗುವುದಿಲ್ಲ ಎಂಬ ಕಾರಣಕ್ಕೆ ಶಿಕ್ಷೆಯಲ್ಲಿ ವಿನಾಯಿತಿ ಇರುವುದಿಲ್ಲ.