ಎಂಟನೆಯ ಬೆರಳು

"ಎರಡಽ ಮಾತು ಹೇಳಿ ಕುಂಡ್ರತೀನ್ರಿ" ಎಂದು ಅವರು ಮೈಕಿನ ಕುತ್ತಿಗೆ ಹಿಡಿದರೆ, ಇನ್ನು ಮುಕ್ಕಾಲು ತಾಸು ಚಹಾ ಬರುವುದಿಲ್ಲವೆಂದು ನಮ್ಮ ಭಾಗದ ಜನಕ್ಕೆ ಗೊತ್ತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲಿ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಒಬ್ಬರನ್ನು ನೋಡಿದರೆ ಎಲ್ಲರನ್ನೂ ನೋಡಿದಂತೆ. ನೆಹರೂ ಶರ್ಟು, ಧೋತರ, ಟೊಪಿಗಿ, ಕಿಸೆಯಲ್ಲೊಂದು ಹಳೆಯ ಲಗ್ನಪತ್ರಿಕೆ. ಆ ಮದುಮಕ್ಕಳಿಗೆ ಕೂಸು ಹುಟ್ಟಿ ನಡೆದಾಡುತ್ತಿರುತ್ತದೆ. ಪತ್ರಿಕೆಯ ಬೆನ್ನಿಗೆ ಬರೆದ ಭಾಷಣ ಮಾತ್ರ ಇನ್ನೂ ಹೊಸದೇ. ಕೇಳುವುದು ಒಂದೇ, ಹೊಸ ಜಿಲ್ಲೆ. ಹಾಗಾಗಿ ಊರವರಿಗೆ ಅವರು 'ಜಿಲ್ಲಾ ಕಾಕಾ'.

ತಾಲೀಮು ಕಬ್ಬಿನ ಬದುವಿನ ಮೇಲೆ, ಅದೂ ಮೋಟರು ಚಾಲೂ ಇದ್ದಾಗ. ಸದ್ದಿಲ್ಲದ ಸಭೆಯನ್ನು ಕಾಕಾ ಕಂಡಿಲ್ಲ. ಹಂಗಾಮಿನಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ವೇದಿಕೆಯ ಪಕ್ಕದಲ್ಲೇ ಹಾಯುತ್ತದೆ. ಆಗ ಕಾಕಾ ಮಾತು ನಿಲ್ಲಿಸಿ ಕೈಮುಗಿಯುತ್ತಾರೆ, ಚಪ್ಪಾಳೆಗೆ ಮುಗಿದಂತೆ.

ಭಾಷಣದ ಜೀವ 1997ರಲ್ಲಿದೆ. ಜೆ.ಎಚ್. ಪಟೇಲರ ಸರ್ಕಾರ ಏಳು ಹೊಸ ಜಿಲ್ಲೆ ಮಾಡಿದ ವರ್ಷ ಅದು. ಚಿಕ್ಕೋಡಿಯ ಹೆಸರೂ ಬಂದಿತ್ತು. ಬೆಳಗಾವಿ ಒಡೆದರೆ ಗಡಿವಾದದಲ್ಲಿ ನಮಗೇ ಪೆಟ್ಟೆಂಬ ಕೂಗೆದ್ದು ಹಿಂದಕ್ಕೆ ಹೋಯಿತು. ಕಾಕಾ ಬೆರಳು ಮಡಚುತ್ತಾರೆ: ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ದಾವಣಗೆರೆ, ಎಡಗೈ ಮುಗಿಯಿತು. ಉಡುಪಿಗೆ ಬಲಗೈಯ ಕಿರುಬೆರಳು, ಚಾಮರಾಜನಗರಕ್ಕೆ ಉಂಗುರಬೆರಳು. "ಎಂಟನೇದು ಎಲ್ಲೈತ್ರಿ?" ಎಂದು ಗುಡುಗಿ ಮುಂದಿನದನ್ನು ಎತ್ತಿ ಹಿಡಿಯುತ್ತಾರೆ. ಅದು ನಡುಬೆರಳು. ಹಿಂದೆ ಕೂತ ಕಾಲೇಜು ಹುಡುಗರು ಕಿಸಕ್ಕನೆ ನಗುತ್ತಾರೆ. ಮಾತು ನಾಟಿತೆಂದು ಕಾಕಾ ಇನ್ನಷ್ಟು ಎತ್ತುತ್ತಾರೆ.

ಬೆರಳು ಅದೇ, ಊರಿನ ಹೆಸರು ಮಾತ್ರ ಬೇರೆ. ಚಿಕ್ಕೋಡಿಯಲ್ಲಿ: "ಶೈಕ್ಷಣಿಕ ಜಿಲ್ಲಾ ಐತಿ, ಲೋಕಸಭಾ ಕ್ಷೇತ್ರ ಐತಿ, ಡೀಸಿ ಒಬ್ಬಾಂವ ಇಲ್ಲ!" ರಾಯಬಾಗದಲ್ಲಿ: "ರೈಲು ನಮ್ಮೂರಿಗೆ ಬರತೈತಿ. ಚಿಕ್ಕೋಡಿ ರೋಡ್ ಅಂತ ಸ್ಟೇಷನ್ ಐತಿ ಖರೆ, ಚಿಕ್ಕೋಡಿಗೆ ರೈಲು ಎಲ್ಲೈತಿ?" ನಿಪ್ಪಾಣಿಯಲ್ಲಿ ಆರಂಭ ಮರಾಠಿಯಲ್ಲಿ, 1925ರಲ್ಲಿ ಅಂಬೇಡ್ಕರರು ಮಾತಾಡಿದ ಊರಿದು ಎಂದು ನೆನಪಿಸಿ, ಆ ಸಾಲಿನಲ್ಲಿ ಮುಂದಿನವರು ತಾವೇ ಎಂಬಂತೆ ಗಂಟಲು ಸರಿಮಾಡಿಕೊಳ್ಳುತ್ತಾರೆ. ಕಾಗವಾಡ ಮೊನ್ನೆ ಮೊನ್ನೆ ತಾಲೂಕಾದದ್ದು. ಅಲ್ಲಿ ಬೆರಳು ಕಿಸೆಯಲ್ಲೇ ಇರುತ್ತದೆ.

ಕಾಕಾ ನಿಜಕ್ಕೂ ಅರಳುವುದು ಅಥಣಿಯಲ್ಲಿ. "ಚಪ್ಪಲಿ ಹೊಲಿಯೋರು ನಾವು, ಹೆಸರು ಕೊಲ್ಹಾಪುರಿ! ಹೆಸರಂತೂ ಹೋತು, ಜಿಲ್ಲಾ ಆದ್ರೂ ಕೊಡ್ರಿ." ಈ ಮಾತಿಗೆ ನಾನೂ ಚಪ್ಪಾಳೆ ಹೊಡೆದವನೇ. ಆಮೇಲೆ ದೂರದ ಲೆಕ್ಕ. ಅಥಣಿಯಿಂದ ಬೆಳಗಾವಿ ನೂರಾ ಚಿಲ್ಲರೆ ಕಿಲೋಮೀಟರು. ಆ ಚಿಲ್ಲರೆ ಸಭೆಯಿಂದ ಸಭೆಗೆ ಬೆಳೆಯುತ್ತದೆ. "ರಸ್ತೆ ಬೆಳೀತೇನ್ರಿ ಕಾಕಾ?" ಎಂದೆ ಒಮ್ಮೆ. "ರಸ್ತೆ ಅಲ್ಲೋ, ತ್ರಾಸು ಬೆಳೀತೈತಿ" ಎಂದರು.

ಅವತ್ತು ರಾತ್ರಿ ಕೊನೆಯ ಬಸ್ಸಿನಲ್ಲಿ ಜೊತೆಯಾದೆವು. ತಮ್ಮೂರ ಕ್ರಾಸು ಹತ್ತಿರ ಬಂದಾಗ ಕಾಕಾ ಹಾರ ಹಿಡಿದು ಎದ್ದರು.

"ಎಕ್ಸ್‌ಪ್ರೆಸ್ ಐತ್ರಿ ಯಜಮಾನ್ರ, ನಿಲ್ಲೂದಿಲ್ಲ."

"ಎರಡಽ ಮಾತು ಹೇಳತೀನಿ ಕೇಳು..."

ಕಂಡಕ್ಟರ್ ಡಬಲ್ ಬೆಲ್ ಹೊಡೆದ. ಮುಂದಿನ ಸ್ಟಾಪಿನಲ್ಲಿ ಇಳಿದು, ಕತ್ತಲಲ್ಲಿ ಹಿಂದಕ್ಕೆ ಎರಡು ಕಿಲೋಮೀಟರು ನಡೆದರಂತೆ.

ಮುಂದಿನ ಸಭೆಯಲ್ಲಿ ಬೆಳಗಾವಿ ಇನ್ನೆರಡು ಕಿಲೋಮೀಟರು ದೂರ ಹೋಗಿತ್ತು.